ಕಸದ ಬುಟ್ಟಿ ತಪ್ಪಿಸಿ ಪುಟ ಸೇರುವ ಪತ್ರಿಕಾ ಪ್ರಕಟಣೆ

ಜಿಲ್ಲಾ ಕೇಂದ್ರದ ಪತ್ರಿಕಾ ಕಚೇರಿಗಳಿಗೆ ಸಂಜೆ ನಾಲ್ಕರ ಹೊತ್ತಿಗೆ ಬಂದು ಬೀಳುವ ಪ್ರಕಟಣೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಮೊದಲ ಪ್ಯಾರಾದಲ್ಲಿ ದೀಪ ಬೆಳಗಿಸಿದವರು, ಎರಡನೆಯದರಲ್ಲಿ ಅಧ್ಯಕ್ಷತೆ ವಹಿಸಿದವರು, ಮೂರನೆಯದರಲ್ಲಿ ವೇದಿಕೆ ಮೇಲಿದ್ದವರು, ಕೊನೆಗೆ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ನಡೆದದ್ದೇನು ಎಂಬುದು ಇವರೆಲ್ಲರ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹೆಕ್ಕಿ ತೆಗೆಯಲು ಉಪಸಂಪಾದಕರಿಗೆ ಪುರುಸೊತ್ತಿಲ್ಲ. ಬರೆದವರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರು ಬರೆದದ್ದು ಪತ್ರಿಕೆಗಲ್ಲ, ತಮ್ಮ ಅಧ್ಯಕ್ಷರ ಸಮಾಧಾನಕ್ಕೆ.

ಯಾರ ಹೆಸರು ಹಾಕಬೇಕು ಎಂಬ ಈ ಜಗಳವನ್ನು ಸಂಸ್ಥೆಯೊಳಗೆ ಮೊದಲೇ ಮುಗಿಸಿಕೊಳ್ಳಿ. ಗಣ್ಯರ ಪೂರ್ತಿ ಪಟ್ಟಿ ಬೇಕೆನ್ನುವವರಿಗೆ ಅದನ್ನು ಸಂಸ್ಥೆಯ ಫೇಸ್‌ಬುಕ್ ಪುಟದಲ್ಲಿ, ವಾರ್ಷಿಕ ವರದಿಯಲ್ಲಿ ಹಾಕಿಕೊಡಿ. ಪತ್ರಿಕೆಗೆ ಹೋಗುವ ಹಾಳೆಯಲ್ಲಿ ಮೂರು ಹೆಸರು ಸಾಕು, ಐದು ದಾಟಬಾರದು.

ಬರೆಯುವುದು

ಸೆಪ್ಟೆಂಬರ್‌ನಲ್ಲಿ ಸಹಕಾರ ಸಂಘಗಳ ವಾರ್ಷಿಕ ಸಭೆಗಳು ಸಾಲುಗಟ್ಟುತ್ತವೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವ ಮೊದಲ ವಾಕ್ಯ ಇದು: ‘ಸಂಘದ 42ನೇ ವಾರ್ಷಿಕ ಮಹಾಸಭೆಯನ್ನು ಗಣ್ಯರು ದೀಪ ಬೆಳಗಿಸುವ ಮೂಲಕ ವಿಧ್ಯುಕ್ತವಾಗಿ ಉದ್ಘಾಟಿಸಿದರು.’ ಇದರಲ್ಲಿ ಓದುಗರಿಗೆ ಏನೂ ಇಲ್ಲ. ಅದೇ ಸಭೆಯನ್ನು ಹೀಗೆ ಬರೆಯಬಹುದು: ‘ಸದಸ್ಯರಿಗೆ ಈ ವರ್ಷ ಶೇ 12ರಷ್ಟು ಲಾಭಾಂಶ ನೀಡಲು ಸಂಘದ ಮಹಾಸಭೆ ಭಾನುವಾರ ತೀರ್ಮಾನಿಸಿತು. ಚಿನ್ನದ ಸಾಲದ ಬಡ್ಡಿ ಶೇ 10ರಿಂದ ಶೇ 9ಕ್ಕೆ ಇಳಿಯಲಿದ್ದು, ಅಕ್ಟೋಬರ್ 1ರಿಂದ ಜಾರಿಗೆ ಬರಲಿದೆ.’ ಅಂಕಿಗಳು ಇಲ್ಲಿ ಕಲ್ಪಿತ, ಕ್ರಮ ಮಾತ್ರ ನಿಜ. ಯಾರ ಜೇಬಿಗೆ, ಯಾವಾಗಿನಿಂದ, ಎಷ್ಟು ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ಬಂದುಬಿಟ್ಟಿತು. ಉಳಿದದ್ದನ್ನೆಲ್ಲ ಕತ್ತರಿಸಿದರೂ ಸುದ್ದಿ ಉಳಿಯುತ್ತದೆ. ಕತ್ತರಿ ಆಡುವುದು ಯಾವಾಗಲೂ ಬಾಲದಿಂದ. ಆದ್ದರಿಂದ ಕಳೆದುಹೋದರೆ ನಷ್ಟವಿಲ್ಲದ್ದನ್ನು ಬಾಲಕ್ಕೆ ಹಾಕಿ.

ಅಳತೆ: ಒಂದು ಎ4 ಹಾಳೆ, 150ರಿಂದ 250 ಪದ. ಶೀರ್ಷಿಕೆ ಆರೆಂಟು ಪದ ಮೀರದಿರಲಿ, ಅದರಲ್ಲಿ ಸಂಸ್ಥೆಯ ಹೆಸರಿಗಿಂತ ಕ್ರಿಯಾಪದ ಮುಖ್ಯ. ಮೊದಲ ಪ್ಯಾರಾ 30 ಪದದೊಳಗೆ. ಒಬ್ಬರ ಮಾತನ್ನು ಉದ್ಧರಿಸುವುದಾದರೆ ಒಂದೇ ವಾಕ್ಯ, ಅದೂ ಅವರು ಬಾಯಿಬಿಟ್ಟು ಹೇಳಬಹುದಾದಂಥದ್ದು. ‘ಈ ಸೇವೆಯನ್ನು ಪರಿಚಯಿಸಲು ನಾವು ಉತ್ಸುಕರಾಗಿದ್ದೇವೆ’ ಎಂದು ಕನ್ನಡದಲ್ಲಿ ಯಾರೂ ಮಾತಾಡುವುದಿಲ್ಲ. ಬೆಂಗಳೂರಿನ ಪ್ರಚಾರ ಏಜೆನ್ಸಿಗಳಿಂದ ಬರುವ ಅನುವಾದಿತ ಪ್ರಕಟಣೆಗಳನ್ನು ಡೆಸ್ಕ್‌ನವರು, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಉಪಸಂಪಾದಕರು, ಈ ಒಂದು ‘ಉತ್ಸುಕ’ದಿಂದಲೇ ಗುರುತು ಹಿಡಿಯುತ್ತಾರೆ. ಇಂಗ್ಲಿಷ್ ಪ್ರಕಟಣೆ ಮೊದಲು ಸಿದ್ಧವಾಗಿದ್ದರೂ ಅದನ್ನು ವಾಕ್ಯಕ್ಕೆ ವಾಕ್ಯ ತರ್ಜುಮೆ ಮಾಡಬೇಡಿ. ವಿಷಯ ಓದಿ, ಹಾಳೆ ಮಗುಚಿಟ್ಟು, ಕನ್ನಡದಲ್ಲಿ ಹೊಸದಾಗಿ ಬರೆಯಿರಿ. ಮಿಲಿಯನ್‌ಗಳನ್ನು ಲಕ್ಷ, ಕೋಟಿಗೆ ತಿರುಗಿಸುವಾಗ ಸೊನ್ನೆಗಳನ್ನು ಇಬ್ಬರು ಎಣಿಸಲಿ: 10 ಲಕ್ಷವೆಂದರೆ ಒಂದು ಮಿಲಿಯನ್, 10 ಮಿಲಿಯನ್ ಎಂದರೆ ಒಂದು ಕೋಟಿ. ಹಣದ ಅಂಕಿಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ.

‘ಇಂದು’, ‘ನಿನ್ನೆ’, ‘ನಾಳೆ’ ಎಂಬ ಪದಗಳು ಪ್ರಕಟಣೆಯಲ್ಲಿ ವಿಷ. ನೀವು ಇಂದು ಬರೆದದ್ದನ್ನು ಓದುಗರು ನಾಳೆ ಓದುತ್ತಾರೆ. ಕೆಲವೊಮ್ಮೆ ಜಾಗವಿಲ್ಲದೆ ನಾಡಿದ್ದಿಗೆ ಹೋಗುತ್ತದೆ. ದಿನಾಂಕ, ವಾರ ಎರಡನ್ನೂ ಬರೆಯಿರಿ. ಎರಡೂ ತಾಳೆಯಾಗುತ್ತವೆಯೇ ಎಂದು ಕ್ಯಾಲೆಂಡರ್ ನೋಡಿಯೇ ಕಳಿಸಿ.

ಹೆಸರುಗಳ ವಿಷಯದಲ್ಲಿ ಅಂದಾಜು ಬೇಡ. ಪಾಟೀಲ ಬೇರೆ, ಪಾಟೀಲ್ ಬೇರೆ ಎನ್ನುವವರಿದ್ದಾರೆ. ಇನಿಷಿಯಲ್ ಹಿಂದೆ ಬರುತ್ತದೋ ಮುಂದೆಯೋ ಎಂಬುದನ್ನೂ ಅವರನ್ನೇ ಕೇಳಿ. ‘ಶ್ರೀ’, ‘ಶ್ರೀಮತಿ’, ‘ಸನ್ಮಾನ್ಯ’ಗಳನ್ನು ಡೆಸ್ಕ್‌ನಲ್ಲಿ ಹೇಗೂ ತೆಗೆಯುತ್ತಾರೆ; ನೀವೇ ತೆಗೆದರೆ ಒಂದು ಕೆಲಸ ಉಳಿಯಿತು. ಹುದ್ದೆ ಮಾತ್ರ ಸರಿಯಾಗಿರಲಿ: ಪ್ರಭಾರ ಎಂದರೆ ಪ್ರಭಾರವೇ.

ಹಾಳೆಯ ತಲೆಯಲ್ಲಿ ದಿನಾಂಕ, ಬುಡದಲ್ಲಿ ವಿವರ ಕೇಳಲು ಒಬ್ಬರ ಹೆಸರು, ಮೊಬೈಲ್ ಸಂಖ್ಯೆ ಇರಲಿ. ಆ ಸಂಖ್ಯೆ ರಾತ್ರಿ ಒಂಬತ್ತರವರೆಗೂ ಎತ್ತುವ ಸಂಖ್ಯೆಯಾಗಿರಬೇಕು. ಜಿಲ್ಲೆ, ತಾಲ್ಲೂಕುಗಳಲ್ಲಿ ಲೆಟರ್‌ಹೆಡ್, ಸಹಿ, ಮೊಹರು ಇನ್ನೂ ಕೇಳುತ್ತಾರೆ. ಒಂದೇ ಸಂಘದ ಎರಡು ಬಣಗಳು ಎರಡು ಪ್ರಕಟಣೆ ಕಳಿಸುವ ಊರಿನಲ್ಲಿ ಅವರು ಅಷ್ಟು ಎಚ್ಚರ ವಹಿಸುವುದು ಸರಿಯೇ.

ಫಾಂಟು, ಫೈಲು, ಫೋಟೊ

ಒಳ್ಳೆಯ ಪ್ರಕಟಣೆ ಸಾಯುವ ಜಾಗ ಇದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಮೊದಲು ಫಾಂಟ್ ಹೆಸರು ನೋಡಿ. ‘ನುಡಿ 01 ಇ’ ಬಗೆಯದ್ದಾದರೆ ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದಬಲ್ಲ ಸಾಮಾನ್ಯ ಅಕ್ಷರ ಸಂಕೇತದಲ್ಲಿಲ್ಲ. ಮೊಬೈಲ್‌ನಲ್ಲಿ ತೆರೆದವರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ‘ನುಡಿ ಯೂನಿ’ ಎಂದು ಶುರುವಾಗುವ ಫಾಂಟ್ ಯೂನಿಕೋಡ್. ಸಂಶಯವಿದ್ದರೆ ಎರಡು ಸಾಲು ನಕಲು ಮಾಡಿ ನಿಮಗೆ ನೀವೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಸರಿ.

ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒಮ್ಮೆ ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ; ‘ಸಾಫ್ಟ್‌ವೇರ್’ ಎಂಬಲ್ಲಿ ಅಕ್ಷರಗಳನ್ನು ಬಿಡಿಸಿಡುವ ಕಣ್ಣಿಗೆ ಕಾಣದ ಗುರುತು ಕಳಚಿ ‘ಸಾಫ್ಟ್ವೇರ್’ ಆಗುತ್ತದೆ. ಸಂಸ್ಥೆಯ ಹೆಸರಿನಲ್ಲೇ ಇಂಥ ಒತ್ತು ಇದ್ದರೆ ಆ ಹೆಸರನ್ನು ಪ್ರತಿ ಬಾರಿಯೂ ಪ್ರತ್ಯೇಕವಾಗಿ ಹುಡುಕಿ ನೋಡಿ.

ಪಿಡಿಎಫ್ ಒಂದನ್ನೇ ಕಳಿಸಬೇಡಿ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದರೆ ಒತ್ತಕ್ಷರ, ಕೊಂಬು, ದೀರ್ಘಗಳು ಚೆಲ್ಲಾಪಿಲ್ಲಿಯಾಗುತ್ತವೆ, ಏಕೆಂದರೆ ಅದರಲ್ಲಿ ಉಳಿದಿರುವುದು ಅಕ್ಷರದ ಆಕಾರವೇ ಹೊರತು ಅಕ್ಷರದ ಕ್ರಮವಲ್ಲ. ಇನ್ನು ಸಹಿ ಹಾಕಿದ ಹಾಳೆಯ ಫೋಟೊ ಮಾತ್ರ ಕಳಿಸಿದರಂತೂ ಯಾರೋ ಕೂತು ಟೈಪ್ ಮಾಡಬೇಕು, ಯಾರೂ ಕೂರುವುದಿಲ್ಲ. ಸರಿಯಾದ ಕಟ್ಟು ಹೀಗೆ: ಪಠ್ಯವನ್ನು ಇಮೇಲ್‌ನ ಒಡಲಿಗೇ ಅಂಟಿಸಿ, ಜೊತೆಗೆ ವರ್ಡ್ ಫೈಲ್, ಖಾತರಿಗೆ ಸಹಿಯ ಪಿಡಿಎಫ್, ಎರಡು ಫೋಟೊ. ಇಮೇಲ್‌ನ ವಿಷಯದ ಸಾಲಿನಲ್ಲಿ ಊರಿನ ಹೆಸರು ಮೊದಲು, ಸುದ್ದಿ ಆಮೇಲೆ: ‘ಶಿರಸಿ: ಚಿನ್ನದ ಸಾಲದ ಬಡ್ಡಿ ಇಳಿಕೆ’. ‘ಪ್ರಕಟಣೆ ಕೃಪೆಗಾಗಿ’ ಎಂದಷ್ಟೇ ಬರೆದರೆ ಅದೇ ಹೆಸರಿನ ಮೂವತ್ತರ ನಡುವೆ ನಿಮ್ಮದು ಮೂವತ್ತೊಂದನೆಯದು.

ಫೋಟೊದ ಲೆಕ್ಕ ಸರಳ. ಮೂರು ಕಾಲಂ ಅಗಲ ಸುಮಾರು 12 ಸೆಂ.ಮೀ. ಎಂದುಕೊಳ್ಳಿ. ಇಂಚಿಗೆ 300 ಚುಕ್ಕೆಯಂತೆ ಅಚ್ಚಾಗಲು ಅಗಲದಲ್ಲಿ 1,400 ಪಿಕ್ಸೆಲ್ ಬೇಕು. ಅಂಚು ಕತ್ತರಿಸಲು ಅವಕಾಶವಿರಲಿ ಎಂದು 2,000ಕ್ಕಿಂತ ಹೆಚ್ಚಿರುವುದನ್ನು ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಬ್ಯಾನರ್ ಹಿಡಿದು ಸಾಲಾಗಿ ನಿಂತ ಹದಿನಾಲ್ಕು ಜನರ ಚಿತ್ರದಲ್ಲಿ ಯಾರ ಮುಖವೂ ಕಾಣುವುದಿಲ್ಲ. ನಾಲ್ಕೈದು ಜನ, ಕೈಯಲ್ಲಿ ಏನಾದರೂ ಕೆಲಸ, ಹತ್ತಿರದಿಂದ ಒಂದು. ಅಗಲವಾಗಿ ಸಭಿಕರದ್ದು ಒಂದು. ಅಡಿಬರಹದಲ್ಲಿ ‘ಎಡದಿಂದ’ ಎಂದು ಹೆಸರುಗಳನ್ನು ಕ್ರಮವಾಗಿ ಬರೆದು, ಫೋಟೊ ಫೈಲ್‌ಗೂ ಸುದ್ದಿಯ ಹೆಸರನ್ನೇ ಇಡಿ. ಚಿತ್ರ ಮತ್ತು ಪಠ್ಯ ಡೆಸ್ಕ್‌ನಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹೆಸರು ಒಂದೇ ಇದ್ದರೆ ಮತ್ತೆ ಕೂಡುತ್ತವೆ.

ಹೊತ್ತು ನೋಡಿ ಕಳಿಸುವುದು

ಮುದ್ರಣವಾದ ಊರಿನಿಂದ ದೂರ ಹೋಗಬೇಕಾದ ಪುಟ ಮೊದಲು ಮುಚ್ಚುತ್ತದೆ. ನಗರದ ಸುದ್ದಿಗೆ ರಾತ್ರಿಯವರೆಗೆ ಜಾಗ ಸಿಗಬಹುದು, ತಾಲ್ಲೂಕು ಸುದ್ದಿಗೆ ಸಂಜೆಯೇ ಬಾಗಿಲು. ಕಾರ್ಯಕ್ರಮ ಬೆಳಿಗ್ಗೆ ಮುಗಿದಿದ್ದರೆ ಮಧ್ಯಾಹ್ನ ಮೂರರೊಳಗೆ ಕಳಿಸಿಬಿಡಿ. ಸಂಜೆಯ ಕಾರ್ಯಕ್ರಮವಾದರೆ ಪಠ್ಯದ ಮುಕ್ಕಾಲು ಭಾಗ ಮೊದಲೇ ಬರೆದಿಟ್ಟು, ಆಡಿದ ಮಾತು ಮತ್ತು ಅಂಕಿಗಳನ್ನಷ್ಟೇ ಸ್ಥಳದಲ್ಲಿ ತುಂಬಿ. ಮುಂಚೆ ಬರೆದದ್ದರಲ್ಲಿ ಒಂದು ಅಪಾಯವಿದೆ: ಬರಬೇಕಿದ್ದ ಸಚಿವರು ಬಂದಿರುವುದಿಲ್ಲ, ಪ್ರಕಟಣೆಯಲ್ಲಿ ಮಾತ್ರ ಭಾಷಣ ಮಾಡಿರುತ್ತಾರೆ.

‘ನಗರದಲ್ಲಿ ಇಂದು’ ಬಗೆಯ ಅಂಕಣಗಳಿಗೆ ಎರಡು ದಿನ ಮುಂಚೆ ಮಧ್ಯಾಹ್ನದೊಳಗೆ ನಾಲ್ಕು ಸಾಲು ಕಳಿಸಿ: ಏನು, ಯಾರು, ಸ್ಥಳ, ಗಂಟೆ. ಯುಗಾದಿ, ದೀಪಾವಳಿಯಂಥ ಹಬ್ಬಗಳಿಗೆ ಪತ್ರಿಕಾ ಕಚೇರಿಗಳಿಗೆ ರಜೆಯಿದ್ದರೆ ಮಾರನೆಯ ದಿನ ಸಂಚಿಕೆಯೇ ಇರುವುದಿಲ್ಲ. ದಿನಾಂಕ ಗೊತ್ತುಮಾಡುವಾಗಲೇ ಇದನ್ನು ನೋಡಿಕೊಳ್ಳಿ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿ ನಂಬಿ ಕೆಟ್ಟವರು ಬಹಳ. ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಹೊಸ ವರದಿಗಾರರಿಗೆ ಮೊದಲು ಫೋನ್ ಮಾಡಿ ಪರಿಚಯ ಹೇಳಿ, ಸಂಖ್ಯೆ ಉಳಿಸಿಕೊಳ್ಳಲು ಕೇಳಿ. ಇಂತಿಷ್ಟು ಗಂಟೆವರೆಗೆ ಪ್ರಕಟಿಸಬೇಡಿ ಎಂಬ ಷರತ್ತು ಹಾಕಿ ಗ್ರೂಪ್‌ಗೆ ಹಾಕುವುದಂತೂ ವ್ಯರ್ಥ. ಐದು ನಿಮಿಷದಲ್ಲಿ ಯಾವುದಾದರೂ ವೆಬ್‌ಸೈಟ್‌ನಲ್ಲಿ ಬಂದಿರುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದರೆ ಷೇರು ಬೆಲೆ ಅಲುಗಾಡಿಸಬಲ್ಲ ಯಾವ ಸುದ್ದಿಯೂ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸುವ ಮೊದಲು ಪತ್ರಿಕೆಗೆ ಹೋಗಬಾರದು. ಇದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ.

ಕಳಿಸಿದ ಮೇಲೆ ಒಂದೇ ಕರೆ. ‘ತಲುಪಿತಾ ಸರ್, ಇನ್ನೇನಾದರೂ ಬೇಕಾ ಮೇಡಂ’ ಎಂದು ಕೇಳಿ ಬಿಟ್ಟುಬಿಡಿ. ‘ನಾಳೆ ಹಾಕ್ತೀರಲ್ವಾ’ ಎಂದು ವರದಿಗಾರರನ್ನು ಕೇಳಿ ಫಲವಿಲ್ಲ, ಪುಟ ಅವರ ಕೈಯಲ್ಲಿಲ್ಲ. ‘ನಿಮ್ಮ ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದೇವೆ’ ಎಂಬ ಮಾತನ್ನು ಸಂಪಾದಕೀಯ ವಿಭಾಗದಲ್ಲಿ ಎತ್ತಲೇಬೇಡಿ; ಇದ್ದ ಸದ್ಭಾವವೂ ಹೋಗುತ್ತದೆ.

ಪತ್ರಿಕಾಗೋಷ್ಠಿ ಬೇಕೇ?

ಹತ್ತರಲ್ಲಿ ಏಳು ಸಲ ಬೇಡ. ಪ್ರಶ್ನೆ ಕೇಳಲು ಏನಾದರೂ ಇದ್ದರೆ ಮಾತ್ರ ಕರೆಯಿರಿ. ಬೆಂಗಳೂರಿನ ಪ್ರೆಸ್ ಕ್ಲಬ್ ಆಗಲಿ, ಜಿಲ್ಲೆಯ ಪತ್ರಿಕಾ ಭವನವಾಗಲಿ ಸಮಯ ಕಾಯ್ದಿರಿಸಿಕೊಳ್ಳಬೇಕು, ಶುಲ್ಕವಿರುತ್ತದೆ. ಅದೇ ಹೊತ್ತಿಗೆ ಜಿಲ್ಲಾ ಉಸ್ತುವಾರಿ ಸಚಿವರ ಸಭೆಯಿದ್ದರೆ ನಿಮ್ಮ ಕುರ್ಚಿಗಳು ಖಾಲಿ. ಬೆಳಿಗ್ಗೆ 11 ಒಳ್ಳೆಯ ಹೊತ್ತು. ಮಾತಾಡುವವರು ಇಬ್ಬರೇ, ಹತ್ತು ನಿಮಿಷ. ಉಳಿದ ಅರ್ಧ ಗಂಟೆ ಪ್ರಶ್ನೆಗೆ. ಪ್ರಕಟಣೆಯನ್ನು ಗೋಷ್ಠಿ ಶುರುವಾಗುವ ಮೊದಲೇ ಕೈಗೆ ಕೊಡಿ. ವೇದಿಕೆಯಲ್ಲಿರುವವರ ಹೆಸರು, ಹುದ್ದೆಯ ಚೀಟಿಯನ್ನೂ ಅದರೊಂದಿಗೇ ಪಿನ್ ಮಾಡಿ. ಉಡುಗೊರೆ, ಹಣವಿಟ್ಟ ‘ಕವರ್’ ಬೇಡ. ಅಂಥವನ್ನು ಸ್ವೀಕರಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ಸೂತ್ರಗಳೇ ಹೇಳುತ್ತವೆ. ಕೊಟ್ಟವರ ಸುದ್ದಿಯೂ ಮುಂದೆ ಆ ಕವರ್‌ನ ತೂಕದಲ್ಲೇ ನಿಲ್ಲುತ್ತದೆ. ಕಾಫಿ, ಉಪ್ಪಿಟ್ಟು ಧಾರಾಳವಾಗಿ ಕೊಡಿ.

ಕೆಟ್ಟ ಸುದ್ದಿ ನಿಮ್ಮದೇ ಆದಾಗ

ಕಾರ್ಖಾನೆಯಲ್ಲಿ ಬೆಂಕಿ, ಹಾಸ್ಟೆಲ್‌ನಲ್ಲಿ ಊಟ ಕೆಟ್ಟು ಮಕ್ಕಳು ಅಸ್ವಸ್ಥ. ಒಂದು ಗಂಟೆಯೊಳಗೆ ಮೂರು ವಾಕ್ಯದ ಹೇಳಿಕೆ ಹೊರಬೀಳಬೇಕು: ಈವರೆಗೆ ಖಚಿತವಾಗಿ ಗೊತ್ತಿರುವುದು, ಈಗ ಮಾಡುತ್ತಿರುವುದು, ಮುಂದಿನ ಮಾಹಿತಿ ಕೊಡುವ ಗಂಟೆ. ಆ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ‘ಹೊಸದಿಲ್ಲ’ ಎಂದು ಹೇಳಲು ಬರಲೇಬೇಕು. ಕಾರಣವನ್ನು ಊಹಿಸಬೇಡಿ, ‘ಶಾರ್ಟ್ ಸರ್ಕಿಟ್ ಇರಬಹುದು’ ಎಂಬ ಅರ್ಧ ವಾಕ್ಯ ಮುಂದೆ ತನಿಖೆಯಲ್ಲಿ ನಿಮ್ಮದೇ ಹೇಳಿಕೆಯಾಗಿ ಎದುರು ನಿಲ್ಲುತ್ತದೆ. ಗಾಯಗೊಂಡವರ ಹೆಸರು ಮನೆಯವರಿಗೆ ತಿಳಿಯುವ ಮುನ್ನ ಹೊರಹೋಗಬಾರದು. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಸಂತ್ರಸ್ತರ ಹೆಸರಷ್ಟೇ ಅಲ್ಲ, ಗುರುತು ಹಿಡಿಯಲು ದಾರಿಯಾಗುವ ಶಾಲೆ, ಮನೆ, ತಂದೆ ತಾಯಿಯ ವಿವರವನ್ನೂ ಕೈಬಿಡಿ. ಮಕ್ಕಳಾದರೆ ಇಂಥ ಗುರುತು ಬಹಿರಂಗಪಡಿಸುವುದನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅಪರಾಧವೆನ್ನುತ್ತದೆ. ಮಾತಾಡುವವರು ಒಬ್ಬರೇ ಇರಲಿ. ಗೇಟಿನ ಕಾವಲುಗಾರರಿಗೂ ಆ ಒಬ್ಬರ ಸಂಖ್ಯೆ ಕೊಟ್ಟಿರಿ, ಏಕೆಂದರೆ ಕ್ಯಾಮೆರಾ ಮೊದಲು ಬರುವುದು ಅವರ ಬಳಿಗೆ.

ತಪ್ಪಾದಾಗ

ತಪ್ಪು ನಿಮ್ಮದಾದರೆ ಪೂರ್ತಿ ಪ್ರಕಟಣೆಯನ್ನು ಮತ್ತೆ ಕಳಿಸಬೇಡಿ. ಎರಡರಲ್ಲಿ ಯಾವುದು ಸರಿ ಎಂದು ಹುಡುಕುವಷ್ಟರಲ್ಲಿ ಹಳೆಯದೇ ಪುಟ ಸೇರಿರುತ್ತದೆ. ‘ತಿದ್ದುಪಡಿ: ಎರಡನೇ ಪ್ಯಾರಾದಲ್ಲಿ ಶೇ 9 ಎಂದಿರುವುದನ್ನು ಶೇ 9.5 ಎಂದು ಓದಿಕೊಳ್ಳಿ’ ಎಂದು ಒಂದೇ ಸಾಲು ಕಳಿಸಿ, ಇದಕ್ಕೆ ಮಾತ್ರ ಡೆಸ್ಕ್‌ಗೆ ನೇರ ಕರೆ ಮಾಡಿ.

ತಪ್ಪು ಪತ್ರಿಕೆಯದಾದರೆ ವರದಿಗಾರರ ಜೊತೆ ಮಾತಾಡಿ, ಬಳಿಕ ಸಂಪಾದಕರಿಗೆ ಬರೆಯಿರಿ: ದಿನಾಂಕ, ಆವೃತ್ತಿ, ಪುಟ, ಬಂದ ವಾಕ್ಯ, ಸರಿಯಾದ ವಾಕ್ಯ, ಆಧಾರದ ಪ್ರತಿ. ಹೆಸರು, ಅಂಕಿಯ ತಪ್ಪುಗಳು ಇಷ್ಟರಲ್ಲೇ ಸರಿಯಾಗುತ್ತವೆ. ದೊಡ್ಡ ಅನ್ಯಾಯವೇ ಆಗಿದ್ದು, ಸಂಪಾದಕರು ಒಪ್ಪದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು; ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಸಂಪಾದಕರಿಗೆ ಬರೆದ ಪತ್ರದ ಪ್ರತಿ ದೂರಿನೊಂದಿಗೆ ಇರಲೇಬೇಕು.

ಕ್ಲಿಪ್ಪಿಂಗ್

ಬಂದ ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್ ಜಾಗ ಹಿಡಿದಿದೆ ಎಂದು ಅಳೆದು, ಅದನ್ನು ಜಾಹೀರಾತು ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಎಂದು ವರದಿ ಕೊಡುವ ಚಾಳಿ ಇನ್ನೂ ಹೋಗಿಲ್ಲ. ಅದು ಸಾರ್ವಜನಿಕ ಸಂಪರ್ಕದ ಬೆಲೆ ಅಲ್ಲವೆಂದು ಆ ವೃತ್ತಿಯ ಅಂತರರಾಷ್ಟ್ರೀಯ ಸಂಘಟನೆಗಳೇ 2010ರ ಬಾರ್ಸಿಲೋನಾ ತತ್ವಗಳಲ್ಲಿ ಹೇಳಿಯಾಗಿದೆ. ಸುದ್ದಿ ಬಂದ ವಾರ ಎಷ್ಟು ಜನ ಫೋನ್ ಮಾಡಿದರು, ಶಿಬಿರಕ್ಕೆ ಬಂದವರಲ್ಲಿ ಎಷ್ಟು ಮಂದಿ ‘ಪೇಪರ್‌ನಲ್ಲಿ ನೋಡಿದೆವು’ ಎಂದರು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದಕ್ಕಾಗಿ ನೋಂದಣಿ ಮೇಜಿನಲ್ಲೇ ಒಂದು ಪ್ರಶ್ನೆ ಇಟ್ಟಿರಬೇಕು.

ಪತ್ರಿಕೆಯಿಂದ ಕತ್ತರಿಸಿಟ್ಟ ಸುದ್ದಿಯ ತುಣುಕಿನ, ಅಂದರೆ ಕ್ಲಿಪ್ಪಿಂಗ್‌ನ, ಮೇಲೆ ಆವೃತ್ತಿ ಮತ್ತು ಪುಟ ಸಂಖ್ಯೆ ಬರೆಯುವುದನ್ನು ಮರೆಯಬೇಡಿ. ಹುಬ್ಬಳ್ಳಿ ಆವೃತ್ತಿಯ ಐದನೇ ಪುಟದಲ್ಲಿ ಬಂದದ್ದು ಅದೇ ಪತ್ರಿಕೆಯ ಮೈಸೂರು ಆವೃತ್ತಿಯಲ್ಲಿ ಇರುವುದಿಲ್ಲ. ‘ನಮ್ಮನೆ ಪೇಪರ್‌ನಲ್ಲಿ ಬಂದೇ ಇಲ್ಲವಲ್ಲ’ ಎಂದು ಬೆಂಗಳೂರಿನ ನಿರ್ದೇಶಕರಿಂದ ಬೆಳಿಗ್ಗೆ ಏಳಕ್ಕೆ ಬರುವ ಕರೆಗೆ ಉತ್ತರ ಅದೇ. ಅವರು ಕೇಳುವ ಮೊದಲೇ ಇ-ಪೇಪರ್‌ನಿಂದ ಇಡೀ ಪುಟವನ್ನು ಇಳಿಸಿಕೊಂಡು ಆರೂವರೆಗೆ ಕಳಿಸಿಬಿಡಿ.