ಬಕ್‌ಸ್ಕಿನ್ ಕೊರಕಲು ಒಂದೇ ಹಗಲಿನಲ್ಲಿ: ನಮ್ಮ ಲೆಕ್ಕಾಚಾರ

ವೈರ್ ಪಾಸ್‌ನಲ್ಲಿ ಇಳಿದು, ಬಕ್‌ಸ್ಕಿನ್ ಗಲ್ಚ್ ಪೂರ್ತಿ ದಾಟಿ, ಪರಿಯಾ ನದಿಗುಂಟ ಮೇಲಕ್ಕೆ ನಡೆದು ವೈಟ್ ಹೌಸ್ ಎಂಬ ಶಿಬಿರದ ಜಾಗ ಸೇರಿದರೆ ಸುಮಾರು 33 ಕಿ.ಮೀ. ಅಮೆರಿಕದ ಯೂಟಾ–ಅರಿಜೋನಾ ಗಡಿಯ, ಎತ್ತರದ ಗೋಡೆಗಳ ನಡುವಿನ ಈ ಇಕ್ಕಟ್ಟು ಕೊರಕಲಿಗೆ ಎರಡು ದಿನ ಬೇಕೇ ಬೇಕು ಅಂದವರೇ ಹೆಚ್ಚು. ದಸರಾ–ದೀಪಾವಳಿ ನಡುವೆ, ಮೂರನೇ ಯತ್ನಕ್ಕೆ, ಹನ್ನೆರಡು ತಾಸಿನಲ್ಲಿ ಮುಗಿಯಿತು. ಹೊತ್ತು ತಿನ್ನುವುದು ದೂರವಲ್ಲ, ಬೆನ್ನ ಮೇಲಿನ ಗಂಟು. ರಾತ್ರಿ ತಂಗುವ ಸಾಮಾನು 15 ಕೆ.ಜಿ. ಆಗುತ್ತದೆ, ನಮ್ಮ ಚೀಲ ನಾಲ್ಕು ಲೀಟರ್ ನೀರು ಸೇರಿ ಆರೂವರೆ.

ಮೊದಲ ಸಲ ಕೆಡಿಸಿದ್ದು ವಾಟರ್‌ಪ್ರೂಫ್ ಬೂಟು. ಮೊಣಕಾಲುದ್ದ ನೀರಿಗಿಳಿದ ಮೇಲೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಜತೆಗೆ ಮರಳು. ಹತ್ತು ಕಿ.ಮೀ.ಗೇ ಹಿಮ್ಮಡಿ ಸುಲಿದು ವಾಪಸ್. ಈಗ ಜಾಳಿ ಇರುವ ಹಳೆಯ ಓಟದ ಶೂ, ಒಳಗೆ 3 ಮಿ.ಮೀ. ನಿಯೋಪ್ರೀನ್ (ರಬ್ಬರಿನಂಥ ಬಟ್ಟೆ) ಸಾಕ್ಸ್. ಸಾಕ್ಸ್‌ಗೆ 35 ಡಾಲರ್ ಕೊಟ್ಟ ನೆನಪು, ಶೂ ಬಿಟ್ಟಿ. ಎರಡನೇ ಸಲ ಕೈಕೊಟ್ಟಿದ್ದು ಹೌಸ್ ರಾಕ್ ವ್ಯಾಲಿ ರಸ್ತೆ. ಹಿಂದಿನ ದಿನದ ಮಳೆಗೆ ಜೇಡಿ ಅಂಟಾಗಿ, ಹೆದ್ದಾರಿಯಿಂದ ವೈರ್ ಪಾಸ್‌ವರೆಗಿನ 13 ಕಿ.ಮೀ.ಯಲ್ಲಿ ಮೂರನ್ನೂ ದಾಟಲಾಗಲಿಲ್ಲ. ಫೋರ್ ವೀಲ್ ಇದ್ದರೂ ಅಷ್ಟೇ. ಎರಡು ರಾತ್ರಿಯ ರೂಮು, ಎರಡನೇ ಬಾಡಿಗೆ ಕಾರು ಎಲ್ಲ ಸೇರಿ ನಾನೂರು ಡಾಲರ್ ಹತ್ತಿರ ನೀರುಪಾಲು. ತಲೆಗೆ 6 ಡಾಲರ್‌ನ ಹಗಲು ಪರ್ಮಿಟ್ ಅದರ ಮುಂದೆ ಏನೂ ಅಲ್ಲ.

ಸಮಯ ಹೀಗೆ ಹಂಚಿದೆವು. ಅಕ್ಟೋಬರ್ ಮಧ್ಯದಲ್ಲಿ ಬೆಳಕು ಹನ್ನೊಂದು ತಾಸು ಚಿಲ್ಲರೆ, ಆದ್ದರಿಂದ ಏಳಕ್ಕೆ ನಸುಬೆಳಕಿನಲ್ಲೇ ಹೊರಡಬೇಕು. ಫೋನಿನ ಗಡಿಯಾರ ನಂಬಬೇಡಿ. ಅರಿಜೋನಾ ಟವರ್ ಸಿಕ್ಕರೆ ಒಂದು ತಾಸು ಹಿಂದಕ್ಕೆ ಹಾರುತ್ತದೆ. ಎಂಟಕ್ಕೆ ವೈರ್ ಪಾಸ್ ಬಕ್‌ಸ್ಕಿನ್‌ಗೆ ಕೂಡುವ ಜಾಗ, ಹನ್ನೆರಡರೊಳಗೆ ‘ಮಿಡಲ್ ರೂಟ್’ ಎಂಬ ನಡುದಾರಿ, ಮೂರರೊಳಗೆ ಬಂಡೆಕುಸಿತ, ಅಂದರೆ ಬಂಡೆಗಳು ಬಿದ್ದು ದಾರಿ ಕಟ್ಟಿದ ಜಾಗ. ನಡುದಾರಿಗೆ ಒಂದು ಗಂಟೆ ದಾಟಿ ತಲುಪಿದರೆ ತಿರುಗಿ ಬನ್ನಿ. ಅಲ್ಲಿ ಗೋಡೆ ಹತ್ತಿ ಹೊರಬೀಳಬಹುದು ನಿಜ, ಆದರೆ ದಣಿದ ಕಾಲಿಗೆ ಅದು ತಕ್ಕುದಲ್ಲ.

ನಡುದಾರಿಗೆ ಸ್ವಲ್ಪ ಮೊದಲು ಸಿಗುವ ಕೊಳೆನೀರ ಮಡುಗಳೇ ದಿನವನ್ನು ನುಂಗುವ ಜಾಗ. ಬಿಸಿಲೇ ಬೀಳದ ಕಾರಣ ಬೇಸಿಗೆಯ ನೀರು ಅಕ್ಟೋಬರ್‌ನಲ್ಲೂ ನಿಂತಿರುತ್ತದೆ, ನಾರುತ್ತದೆ. ಕೋಲಿನಿಂದ ಆಳ ನೋಡದೆ ಹೆಜ್ಜೆ ಇಡಬಾರದು. ಈಚಿನ ಪ್ರವಾಹ ಎಲ್ಲಿ ಕೊರೆದಿದೆ ಎಂದು ಹೋದ ವರ್ಷದವರ ಮಾತಿನಿಂದ ತಿಳಿಯದು. ಒಣ ಜಲ್ಲಿಯಲ್ಲಿ ತಾಸಿಗೆ 4 ಕಿ.ಮೀ. ಸಿಕ್ಕರೆ ಇಲ್ಲಿ ಒಂದೂವರೆ.

ಬಂಡೆಕುಸಿತದಲ್ಲಿ ನಾಲ್ಕೈದು ಮೀಟರ್ ಇಳಿಯಬೇಕು. ಯಾರೋ ಬಿಟ್ಟುಹೋದ ಹಗ್ಗ ನೇತಾಡುತ್ತಿರುತ್ತದೆ, ಅದಕ್ಕೆ ಭಾರ ಹಾಕಬೇಡಿ. ನಮ್ಮದು 8 ಮಿ.ಮೀ., 15 ಮೀಟರ್. ಮೊದಲು ಚೀಲ, ಆಮೇಲೆ ಜನ. ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದಲೇ ಎಳೆದುಕೊಳ್ಳುವ ಒಂದು ಉಪಾಯ ಇದೆ. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಪ್ರವಾಹದ ಮಾತು. ಮೇಲೆ ನೀಲಿ ಆಕಾಶವಿದ್ದರೂ ದೂರದ ಉತ್ತರದಲ್ಲಿ ಮಳೆ ಬಿದ್ದರೆ ನೀರು ಇಲ್ಲಿಗೇ ಬರುತ್ತದೆ. ತಲೆಯ ಎಷ್ಟೋ ಮೇಲೆ ಗೋಡೆಗಳ ನಡುವೆ ಸಿಕ್ಕಿಕೊಂಡ ಮರದ ದಿಮ್ಮಿ ನೋಡಿದರೆ ಸಾಕು. ಪರಿಯಾ ನದಿಯ ಹೆದ್ದಾರಿ ಬಳಿಯ ನೀರಿನ ಮಾಪಕ ಸುಮ್ಮನಿದೆ ಎಂದು ಇಳಿಯುವವರಿದ್ದಾರೆ. ಆ ಮಾಪಕ ಇರುವುದು ಕೊರಕಲು ಪರಿಯಾ ನದಿಗೆ ಸೇರುವ ಸಂಗಮಕ್ಕಿಂತ ಮೇಲೆ, ಬಕ್‌ಸ್ಕಿನ್ ನೀರು ಅದಕ್ಕೆ ಕಾಣುವುದೇ ಇಲ್ಲ. ನಾವು ಹಿಂದಿನ ನಾಲ್ಕು ದಿನದ ಮಳೆ ರೇಡಾರ್ ನೋಡಿಯೇ ಇಳಿದದ್ದು.

ಸಂಗಮದಲ್ಲಿ ಒಂದು ಪ್ರಯೋಗ. ಪರಿಯಾ ನೀರು ರಾಗಿ ಗಂಜಿಯಂತೆ. ನೇರ ಫಿಲ್ಟರಿಗೆ ಹಾಕಿದರೆ ಅರ್ಧ ಲೀಟರಿಗೇ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಬಿಂದಿಗೆಗೆ ಆಡಿಸುವ ಪಟಿಕವನ್ನೇ ಒಯ್ದಿದ್ದೆವು. ಎರಡು ಲೀಟರ್ ಚೀಲದಲ್ಲಿ ಕಡಲೆಗಾತ್ರದ ಹರಳು ಆಡಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಹೂಳು ತಳಕ್ಕೆ ಕೂರುತ್ತದೆ. ಮೇಲಿನದನ್ನು ಬಗ್ಗಿಸಿ ಫಿಲ್ಟರ್ ಮಾಡಿದೆವು. ಅಷ್ಟೇ ಹೊತ್ತಿನಲ್ಲಿ ಚಟ್ನಿಪುಡಿ ಚಪಾತಿ ಮುಗಿಯುತ್ತದೆ, ಹೊತ್ತು ದಂಡವಾಗಲಿಲ್ಲ. ಹರಳು ಹೆಚ್ಚಾದರೆ ಬಾಯಿ ಒಗರು.

ಕೊನೆಯ 11 ಕಿ.ಮೀ. ಮರಳು, ನದಿ ದಾಟುವುದು ಮತ್ತೆ ಮತ್ತೆ. ಒಂದು ಕಾರು ಮೊದಲೇ ವೈಟ್ ಹೌಸ್‌ನಲ್ಲಿರಲಿ, ಅದರಲ್ಲೇ ಒಣ ಚಪ್ಪಲಿ ಮತ್ತು ಕಸದ ಚೀಲ. ಆ ಕೆಸರು ಬಾಡಿಗೆ ಕಾರಿನ ಸೀಟಿಗೆ ತಾಗಿದರೆ ತೊಳೆಸುವ ದಂಡ ಬೇರೆ.