ಕಲಬುರಗಿಯ ಬಿಸಿಲಿಗೆ ಆಫೀಸ್ ಬಟ್ಟೆ ಹೊಂದಿಸಿಕೊಂಡ ಬಗೆ

ಸಾಗರದಿಂದ ಕಲಬುರಗಿಗೆ ವರ್ಗ ಆದಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಹೋಗುವ ಮೊದಲು ಆಫೀಸಿಗೆ ನಾಲ್ಕು ಜೊತೆ ಒಳ್ಳೆ ಬಟ್ಟೆ ತಗೊಂಡುಬಿಡು ಅಂತ. ನಾನು ಬೇಡ ಅಂದೆ. ನಮ್ಮ ಮಲೆನಾಡಿನಲ್ಲಿ ಬಟ್ಟೆ ಆರಿಸುವುದೇ ಮಳೆ ನೋಡಿಕೊಂಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿದರೆ ಸಾಕು ಅನ್ನುವ ಪರಿಸ್ಥಿತಿ. ಅದಕ್ಕೇ ಪಾಲಿಸ್ಟರ್ ಬೆರೆತ ಬಟ್ಟೆ ನಮಗೆ ರೂಢಿ. ಕಲಬುರಗಿಯಲ್ಲಿ ಬೇಸಿಗೆಗೆ 42 ಡಿಗ್ರಿ ದಾಟುವುದು ಮಾಮೂಲು. ಅಲ್ಲಿ ಹಾಕುವ ಬಟ್ಟೆಯನ್ನು ಅಲ್ಲಿನವರನ್ನು ನೋಡಿಯೇ ಕೊಳ್ಳಬೇಕು, ಅಲ್ವಾ?

ಹಾಗಾಗಿ ಇದ್ದ ಹಳೆ ಕಾಟನ್ ಕುರ್ತಾಗಳನ್ನೇ ತಿರುಗಿಸಿ ಮುರುಗಿಸಿ ಹಾಕುತ್ತ, ಮೊದಲ ಸಂಬಳ ಬರುವವರೆಗೆ ಸುಮ್ನೆ ಗಮನಿಸಿದೆ. ಕಚೇರಿಯಲ್ಲಿ ಹಿರಿಯ ಹೆಂಗಸರು ತೆಳು ಕಾಟನ್ ಸೀರೆ ಉಡುತ್ತಿದ್ದರು. ನನ್ನ ವಯಸ್ಸಿನವರದು ಚೂಡಿದಾರ್, ಇಲ್ಲ ಉದ್ದ ಕುರ್ತಾ. ಅಚ್ಚ ಬಿಳಿ ಯಾರೂ ಹಾಕುತ್ತಿರಲಿಲ್ಲ. ಕಡು ಕಪ್ಪು, ಕಡು ನೀಲಿಯೂ ಕಮ್ಮಿ. ಕಾರಣ ನನಗೇ ಬಟ್ಟೆ ಒಗೆಯುವಾಗ ತಿಳಿಯಿತು. ನಮ್ಮ ಬಾಡಿಗೆ ಮನೆಗೆ ಬರುವುದು ಬೋರ್ ನೀರು. ಗಡಸು, ಸೋಪು ನೊರೆಯೇ ಬರುವುದಿಲ್ಲ. ಬಿಳಿ ಬಟ್ಟೆ ಬೇಗ ಮಾಸಲಾಗುತ್ತದೆ. ಕಡು ಬಣ್ಣಗಳನ್ನು ಬಿಸಿಲು ತಿನ್ನುತ್ತದೆ. ಅದಕ್ಕೇ ತಿಳಿ ಹಸಿರು, ಬೂದು, ಗೋಧಿ ಬಣ್ಣ, ಸಣ್ಣ ಹೂವಿನ ಪ್ರಿಂಟ್ ಇಂಥವನ್ನೇ ಕೊಳ್ಳಬೇಕು ಅಂತ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡೆ.

ಪಕ್ಕದ ಟೇಬಲ್ಲಿನ ಅಕ್ಕನನ್ನು ಎಲ್ಲಿ ಕೊಳ್ಳಲಿ ಅಂತ ಕೇಳಿದೆ. "ರೆಡಿಮೇಡ್ ಬ್ಯಾಡವ್ವಾ. ತಾನಿನ ಬಟ್ಟಿ ಕಡಿಸ್ಕೊಂಡು ಹೊಲಿಸ್ಕೊ. ನಮ್ ಬಿಸಲಿಗಿ ಅದೇ ಚಲೋ" ಅಂದರು. ತಾನು ಅಂದರೆ ಅಂಗಡಿಯಲ್ಲಿ ಸುತ್ತಿಟ್ಟಿರುವ ಬಟ್ಟೆಯ ಇಡೀ ಸುರುಳಿ. ಈಗ ಯಾರು ನನ್ನನ್ನು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ರೆಡಿಮೇಡ್ ಕುರ್ತಾ ನೋಡಲು ಚೆಂದ, ನಿಜ. ಆದರೆ ಕಂಕುಳ ಹತ್ತಿರ ಬಿಗಿ, ಕಡಿಮೆ ಬೆಲೆಯವುಗಳಲ್ಲಿ ಒಳಗೆ ಪಾಲಿಸ್ಟರ್ ಲೈನಿಂಗ್. ಹೊರಗೆ ಕಾಟನ್ ಇದ್ದು ಮೈಗೆ ತಾಗುವುದು ಪಾಲಿಸ್ಟರ್ ಆದರೆ ಏನು ಬಂತು? ಬೆವರು ಹೀರುವ ಬಟ್ಟೆ ಮೈಗೆ ತಾಗಿರಬೇಕು.

ಬಟ್ಟೆಗೆ ಹೋಗಿದ್ದು ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಕಡೆ. ನನ್ನ ಮನೆ ಇರುವುದು ಎಂಎಸ್‌ಕೆ ಮಿಲ್ ಕಡೆ, ಅಲ್ಲಿಂದ ಆಟೋ ಸುಲಭವಾಗಿ ಸಿಗುತ್ತದೆ. (ನಿಜಾಮರ ಕಾಲದ ಬಟ್ಟೆ ಗಿರಣಿಯ ಹೆಸರು ಅದು. ಗಿರಣಿ ಮುಚ್ಚಿದೆ, ಹೆಸರು ಮಾತ್ರ ಬಡಾವಣೆಗೆ ಉಳಿದಿದೆ.) ಏಪ್ರಿಲ್, ಮೇನಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಮಧ್ಯಾಹ್ನ ಬಿಡುವಿದೆ ಅಂತ ಆ ಹೊತ್ತಿಗೆ ಬಜಾರಿಗೆ ಹೋಗಬೇಡಿ. ಆ ಬಿಸಿಲಿನಲ್ಲಿ ನಿಂತು ಆರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಾಗಂತ ಕತ್ತಲಾದ ಮೇಲೂ ಬೇಡ, ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆಯೇ ಕಾಣುತ್ತದೆ. ನಾನು ಸಂಜೆ ಹೊತ್ತು ಮುಳುಗುವ ಮೊದಲು ಹೋಗಿ, ತಾನನ್ನು ಅಂಗಡಿ ಬಾಗಿಲಿಗೆ ತರಿಸಿ ನೋಡುತ್ತಿದ್ದೆ. ಯಾವ ಅಂಗಡಿಯವರೂ ಇಲ್ಲ ಅನ್ನಲಿಲ್ಲ.

"ಪ್ಯೂರ್ ಕಾಟನ್ ಅದರಿ ಮೇಡಂ" ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ತಾನಿನ ಅಂಚಿನಿಂದ ಅಡ್ಡ ಒಂದು, ಉದ್ದ ಒಂದು ಎಳೆ ಕೇಳಿ ತೆಗೆಸಿದೆ. ಎರಡೂ ಬೇಕು, ಯಾಕೆಂದರೆ ಒಂದು ಕಡೆ ಕಾಟನ್, ಇನ್ನೊಂದು ಕಡೆ ಪಾಲಿಸ್ಟರ್ ಹಾಕಿ ನೇಯ್ದ ಬಟ್ಟೆಯೂ ಇರುತ್ತದೆ. ಅಂಗಡಿಯಾತನೇ ಬಾಗಿಲ ಹೊರಗೆ ಬಂದು ಕಡ್ಡಿ ಗೀರಿದ. ಕಾಟನ್ ಎಳೆ ಕಾಗದ ಸುಟ್ಟ ವಾಸನೆ ಬಂದು ಉರಿಯಿತು, ಉಳಿದ ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. ಇನ್ನೊಂದು ತಾನಿನ ಎಳೆ ಮುದುಡಿಕೊಂಡು ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಕಪ್ಪು ಗುಂಡಾಯಿತು. ಅದು ಪಾಲಿಸ್ಟರ್. ರೇಯಾನ್ ಮಾತ್ರ ಕಾಟನ್ ಥರವೇ ಉರಿಯುತ್ತದೆ. ಅದನ್ನು ಕಂಡುಹಿಡಿಯಲು ಎಳೆಯನ್ನು ಒದ್ದೆ ಮಾಡಿ ಎಳೆಯಬೇಕು. ರೇಯಾನ್ ಒದ್ದೆಯಾದರೆ ಸುಲಭವಾಗಿ ತುಂಡಾಗುತ್ತದೆ, ಕಾಟನ್ ಆಗುವುದಿಲ್ಲ. ಬಣ್ಣಕ್ಕೆ ಒದ್ದೆ ಕರ್ಚೀಫಿನ ತುದಿಯಿಂದ ಬಟ್ಟೆಯ ಮೂಲೆ ಉಜ್ಜಿ ನೋಡಿದರೆ ಸಾಕು.

ಬಟ್ಟೆ ಕಡಿಸುವ ಮೊದಲು ಪನ್ನಾ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಲೇಬೇಕು. 44 ಇಂಚಿನ ಪನ್ನಾ ಆದರೆ ಮುಕ್ಕಾಲು ತೋಳಿನ ಉದ್ದ ಕುರ್ತಾಗೆ ನನಗೆ ಎರಡೂವರೆ ಮೀಟರ್ ಬೇಕು. 36 ಇಂಚಾದರೆ ಅಷ್ಟರಲ್ಲಿ ಆಗುವುದಿಲ್ಲ. ಬೆಲೆ ಕಡಿಮೆ ಅನ್ನಿಸಿದ ಬಟ್ಟೆ ಪನ್ನಾ ಚಿಕ್ಕದಿದ್ದರೆ ಕೊನೆಗೆ ದುಬಾರಿಯೇ. ಚೌಕಾಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಏಕ್ ದಾಮ್" ಅನ್ನುವ ಅಂಗಡಿಯಲ್ಲಿ ಸುಮ್ಮನಿದ್ದೆ, ಉಳಿದ ಕಡೆ ಕೇಳಿದೆ.

ಮನೆಗೆ ತಂದ ಬಟ್ಟೆಯನ್ನು ನೇರ ಟೇಲರಿಗೆ ಕೊಡಲಿಲ್ಲ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಕೊಟ್ಟೆ. ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ತೋಳು ಮೇಲೇರಿ ಕೂರುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬರು ವಯಸ್ಸಾದ ಟೇಲರ್ ಇದ್ದಾರೆ. ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎಲ್ಲ ಬಟ್ಟೆ ಒಟ್ಟಿಗೆ ಕೊಡದೆ ಒಂದನ್ನೇ ಮೊದಲು ಹೊಲಿಸಿದೆ. ಅದನ್ನು ಹಾಕಿಕೊಂಡು ಪೂರ್ತಿ ಒಂದು ದಿನ ಕಚೇರಿಯಲ್ಲಿ ಕಳೆದೆ. ಮೇಲಿನ ಕಪಾಟಿನಿಂದ ಫೈಲ್ ಇಳಿಸುವಾಗ ಭುಜ ಎಳೆಯುತ್ತದಾ, ಕೂತರೆ ಸೀಳು ಎಲ್ಲಿವರೆಗೆ ಬರುತ್ತದೆ, ಬಗ್ಗಿದರೆ ಕುತ್ತಿಗೆ ಸರಿಯಿದೆಯಾ, ಎಲ್ಲ ನೋಡಿಕೊಂಡೆ. ಸಂಜೆ ಚಾಚಾಗೆ ಹೋಗಿ ಹೇಳಿದೆ: ಕಂಕುಳಲ್ಲಿ ಅರ್ಧ ಇಂಚು ಸಡಿಲ, ಬಲಗಡೆ ಜೇಬು, ಎರಡೂ ಪಕ್ಕ ಒಳಗೆ ಒಂದಿಂಚು ಬಟ್ಟೆ ಬಿಡಿ. ಜೇಬಿಗೆ ಮೊಬೈಲ್ ಅಳತೆ ಕೊಟ್ಟೆ. ಹೆಂಗಸರ ಬಟ್ಟೆಗೆ ಜೇಬು ಇಡಿಸಿಕೊಳ್ಳುವುದಕ್ಕೇ ನಾನು ಹೊಲಿಗೆ ಹಣ ಸಂತೋಷದಿಂದ ಕೊಡುತ್ತೇನೆ. ಉಳಿದವೆಲ್ಲ ಆ ಅಳತೆಯಲ್ಲೇ ಬಂದವು, ಒಂದನ್ನೂ ಮತ್ತೆ ಬಿಚ್ಚಿಸಬೇಕಾಗಲಿಲ್ಲ.

ಚಾಚಾ ಹೇಳಿದ ಇನ್ನೊಂದು ಮಾತು: "ರಂಜಾನ್ ತಿಂಗಳಾಗ ತರಬ್ಯಾಡ್ರಿ ಮೇಡಂ, ಆಗ ಉಸಿರಾಡ್ಲಾಕ ಪುರಸೊತ್ತಿರಂಗಿಲ್ಲ." ದಸರಾ, ದೀಪಾವಳಿ ಮುಂದೆಯೂ ಹಾಗೇ. ಮದುವೆ ಸೀಸನ್ ಕೇಳಲೇಬೇಡಿ. ಹೊಸದಾಗಿ ಬಂದವರು ಕ್ಯಾಲೆಂಡರ್ ನೋಡಿಕೊಂಡು ಹೊಲಿಗೆಗೆ ಕೊಡಿ.

ಲೈನಿಂಗ್ ಬೇಕಾದರೆ ಅದನ್ನೂ ತೆಳು ಕಾಟನ್ನಿನದೇ ಹಾಕಿಸಿ. ಒಗೆದದ್ದನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಿ. ಇಲ್ಲಿನ ಒಣ ಗಾಳಿಗೆ ನೆರಳಲ್ಲೂ ಬೇಗ ಒಣಗುತ್ತದೆ. ಸ್ಕೂಟಿಯಲ್ಲಿ ಓಡಾಡುವವರು ತಲೆ, ಮುಖ ಮುಚ್ಚುವಷ್ಟು ಅಗಲದ ಕಾಟನ್ ಓಢಣಿ ಒಂದೆರಡು ಜಾಸ್ತಿಯೇ ಇಟ್ಟುಕೊಳ್ಳಿ. ಚಳಿಗಾಲಕ್ಕೆ ಅಂತ ನಾನು ಬೇರೇನೂ ಕೊಂಡಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತಿಗೆ ಸಾಗರದಿಂದ ತಂದ ತೆಳು ಸ್ವೆಟರ್ ಸಾಕಾಗುತ್ತದೆ.