ಗುತ್ತಿಗೆ ನೌಕರರೇ, ಮಾತುಕತೆಗೆ ಹೀಗೆ ಸಿದ್ಧರಾಗಿ

ಕೋಲಾರ ನಗರಸಭೆಯಲ್ಲಿ ಕಸದ ಆಟೋ ಓಡಿಸುವವರಿರಲಿ, ನೀರು ಬಿಡುವವರಿರಲಿ, ಗುತ್ತಿಗೆಯಲ್ಲಿದ್ದರೆ ಒಬ್ಬೊಬ್ಬರೇ ಹೋಗಿ ಕೇಳಬೇಡಿ. ಸಂಘದ ನೋಂದಣಿ ಅರ್ಜಿಗೆ ಕನಿಷ್ಠ 7 ಜನರ ಸಹಿ ಬೇಕು. ಅಷ್ಟಕ್ಕೇ ನಿಲ್ಲಬೇಡಿ, ವಾರ್ಡ್ ವಾರ್ಡ್ ಸುತ್ತಿ ಸದಸ್ಯರನ್ನು ಸೇರಿಸಿ.

ಆಮೇಲೆ ದಾಖಲೆ. ನನ್ನ ಪ್ರಕಾರ ಅರ್ಧ ಗೆಲುವು ಇಲ್ಲೇ ಇದೆ. ಎಲ್ಲರ ಪಿಎಫ್ ಪಾಸ್‌ಬುಕ್ ಪ್ರಿಂಟ್ ತೆಗೆಸಿ, ಸಂಬಳದಲ್ಲಿ ಹಿಡಿದ 12% ಅದರಲ್ಲಿ ಜಮಾ ಆಗಿದೆಯಾ, ಅಷ್ಟೇ ಪಾಲು ಗುತ್ತಿಗೆದಾರನೂ ಕಟ್ಟಿದ್ದಾನಾ ಅಂತ ತಿಂಗಳು ತಿಂಗಳು ತಾಳೆ ನೋಡಿ. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಅಂತ ಸಂಬಳದಲ್ಲಿ ಹಿಡಿದ 0.75% ಕೂಡ ಕಟ್ಟಿದ್ದಾನಾ ನೋಡಿ. ಬ್ಯಾಂಕ್ ಪಾಸ್‌ಬುಕ್, ಹಾಜರಾತಿ ಪುಸ್ತಕದ ಫೋಟೋ ಇಟ್ಟುಕೊಳ್ಳಿ.

ಮಾತುಕತೆಗೆ ಗುತ್ತಿಗೆದಾರ ಒಬ್ಬನೇ ಸಾಲದು, ಪೌರಾಯುಕ್ತರೂ ಕೂರಲೇಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕರದು, ಅಂದರೆ ನಗರಸಭೆಯದು. ಬೇಡಿಕೆ ಪಟ್ಟಿಯ ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಟೆಂಡರ್ ಮುಗಿಯುವ ಮುಂಚೆಯೇ ಕೊಡಿ, ಗುತ್ತಿಗೆದಾರ ಬದಲಾದರೂ ಹಳಬರನ್ನೇ ಮುಂದುವರಿಸುವ ಷರತ್ತು ಹೊಸ ಟೆಂಡರ್‌ನಲ್ಲಿ ಬರಬೇಕು ಅಲ್ವಾ?

ಬಾಯಿಮಾತಿನ ಭರವಸೆಗೆ ಎದ್ದು ಬರಬೇಡಿ. ಕಾರ್ಮಿಕ ಇಲಾಖೆ ಅಧಿಕಾರಿಯ ಮುಂದೆ ಲಿಖಿತ ಒಪ್ಪಂದಕ್ಕೆ ಸಹಿ ಆಗಲಿ. ಆಗದಿದ್ದರೆ ಮುಷ್ಕರ, ಆದರೆ 14 ದಿನ ಮೊದಲೇ ನೋಟಿಸ್ ಕೊಡಿ, ಸಂಧಾನ ನಡೆಯುವಾಗ ಕೆಲಸ ನಿಲ್ಲಿಸಬೇಡಿ.